ಟಾರು ನೆಲದ ಮೇಲೆ ರೇಸಿನ ದಾರಿ

ಮಣ್ಣಿನ ಮೈದಾನದಲ್ಲಿ ಸೈಕಲ್ ರೇಸಿಗೆ ದಾರಿ ಮಾಡೋದು ಸುಲಭ. ಗೂಟ ಹೊಡೆದು ಹಗ್ಗ ಕಟ್ಟಿದರೆ ಆಯ್ತು. ಟಾರು, ಕಾಂಕ್ರೀಟ್ ನೆಲದಲ್ಲಿ ಗೂಟ ಇಳಿಯಲ್ಲ, ಹಾಗಾಗಿ ತುಂಬಾ ಜನ ಸುಣ್ಣದ ಪುಡಿ ಸುರಿದು ಗೆರೆ ಎಳೆದುಬಿಡುತ್ತಾರೆ.

ತಿರುವಿನಲ್ಲಿ ಇದು ಬೇಡವೇ ಬೇಡ. ರೇಸ್ ಸೈಕಲ್ಲಿನ ಟಯರ್ ಸಾಮಾನ್ಯವಾಗಿ 25ರಿಂದ 28 ಮಿಲಿಮೀಟರ್ ಅಗಲ ಅಷ್ಟೆ, ಅದೂ ವೇಗದಲ್ಲಿ ವಾಲಿಕೊಂಡು ಬರುವಾಗ ಒಣ ಪುಡಿ ಸಿಕ್ಕರೆ ಚಕ್ರ ಜಾರಿಬಿಡುತ್ತೆ. ನುಣುಪಾದ ಬಣ್ಣವೂ ಮಳೆ ಬಿದ್ದರೆ ಹಾಗೇ. ಸೀಮೆಸುಣ್ಣದ ತೆಳು ಗೆರೆ, ಅದರ ಮೇಲೆ ಮೆತ್ತನೆ ಕೋನ್ ಸಾಕು. ತಿರುವಿನ ತುದಿಯಲ್ಲಿ ಒಂದೇ ಕೋನ್ ಇಟ್ಟು ಸುಮ್ನಾಗಬೇಡಿ, ಸ್ವಲ್ಪ ಹಿಂದಿನಿಂದಲೇ ಸಾಲಾಗಿ ಇಡಿ, ಗುಂಪಿನ ಹಿಂದೆ ಇರುವವನಿಗೆ ಮುಂದಿನವರ ಬೆನ್ನು ಬಿಟ್ಟು ಜಾಸ್ತಿ ಏನೂ ಕಾಣಲ್ಲ.

ಬ್ಯಾರಿಕೇಡ್‌ಗಳ ಕಾಲುಗಳನ್ನೂ ಬಗ್ಗಿ ನೋಡಿ. ದಾರಿಯೊಳಗೆ ನಾಲ್ಕು ಬೆರಳಷ್ಟು ಚಾಚಿದ್ದರೂ ಚಕ್ರ ಸಿಕ್ಕಿಕೊಳ್ಳುತ್ತೆ. ಅದನ್ನು ನೋಡಿದರೆ ನನಗೆ ಮೈ ಜುಂ ಅನ್ನುತ್ತೆ.

ಮುಕ್ತಾಯದ ಗೆರೆಗೆ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ಅಳತೆ ಇದೆ: 72 ಸೆಂಟಿಮೀಟರ್ ಅಗಲದ ಬಿಳಿ ಪಟ್ಟಿ, ನಡುವೆ 4 ಸೆಂಟಿಮೀಟರ್ ಕಪ್ಪು ಗೆರೆ. ಗೆಲುವು ತೀರ್ಮಾನವಾಗೋದು ಆ ಕಪ್ಪು ಗೆರೆಯಲ್ಲಿ. ಕೊನೆ ತಿರುವಿನಿಂದ ಅಲ್ಲಿಗೆ 200 ಮೀಟರ್ ನೇರ ದಾರಿ ಸಿಗದಿದ್ದರೆ, ನಾನಂತೂ ಗೆರೆಯನ್ನೇ ಬೇರೆ ಕಡೆ ಎಳೆಸುತ್ತೇನೆ.