ಪೋ ಬಯಲಿನಿಂದ ಎಟ್ನಾ ಬುಡದವರೆಗೆ: ಮಕ್ಕಳೊಂದಿಗೆ ಇಟಲಿ

ಮಕ್ಕಳಿಗೆ ಇಟಲಿಯನ್ನು ಪರಿಚಯಿಸುವವರು ಸಾಮಾನ್ಯವಾಗಿ ರೋಮ್‌ನಿಂದ ಆರಂಭಿಸುತ್ತಾರೆ. ಭೂಪಟದಲ್ಲಿ ಬೂಟಿನ ಆಕಾರ, ಕೊಲೋಸಿಯಂನ ಒಂದು ಚಿತ್ರ, ಪಿಜ್ಜಾದ ಹೆಸರು, ಇಷ್ಟರಲ್ಲಿ ಪಾಠ ಮುಗಿದುಹೋಗುತ್ತದೆ. ಬೇಸಿಗೆ ರಜೆಯಲ್ಲಿ ಹನ್ನೊಂದು ವರ್ಷದ ಮಗಳನ್ನೂ ಒಂಬತ್ತು ವರ್ಷದ ತಂಗಿಯ ಮಗನನ್ನೂ ಕರೆದುಕೊಂಡು ಹೊರಟಾಗ ನಾನು ರೋಮ್ ನಗರವನ್ನು ಬೇಕೆಂದೇ ಪ್ರವಾಸದ ದ್ವಿತೀಯಾರ್ಧಕ್ಕೆ ತಳ್ಳಿದೆ. ಆಲ್ಪ್ಸ್ ಬುಡದ ಟೂರಿನ್‌ನಲ್ಲಿ ಇಳಿದು, ಅಲ್ಲಿಂದ ರೈಲಿನಲ್ಲೇ ದಕ್ಷಿಣಕ್ಕೆ ಸಾಗಿ ಸಿಸಿಲಿಯನ್ನು ಮುಟ್ಟುವುದು ನಮ್ಮ ಯೋಜನೆಯಾಗಿತ್ತು. ಮೊದಲು ನೆಲ, ಆಮೇಲೆ ಆ ನೆಲದಲ್ಲಿ ಬೆಳೆಯುವುದು, ಅನಂತರ ಅದನ್ನು ಬೆಳೆದು ಉಣ್ಣುವ ಜನ. ಈ ಕ್ರಮದಲ್ಲಿ ನೋಡಿದರೆ ಸ್ಮಾರಕಗಳು ತಾವಾಗಿಯೇ ಅರ್ಥವಾಗುತ್ತವೆ ಎಂಬುದು ನನ್ನ ನಂಬಿಕೆ.

ಟೂರಿನ್ ಇಟಲಿಯ ಮೊದಲ ರಾಜಧಾನಿ. 1861ರ ಮಾರ್ಚ್ 17ರಂದು ಇಟಲಿಯ ಏಕೀಕೃತ ರಾಜ್ಯದ ಘೋಷಣೆಯಾದದ್ದು ಇಲ್ಲಿಯೇ. 1865ರಲ್ಲಿ ರಾಜಧಾನಿ ಫ್ಲಾರೆನ್ಸ್‌ಗೆ ಹೋಗಿ, 1871ರಲ್ಲಿ ರೋಮ್‌ಗೆ ಬಂತು. ಕರಿಗ್ನಾನೋ ಅರಮನೆಯಲ್ಲಿರುವ ಏಕೀಕರಣದ ವಸ್ತುಸಂಗ್ರಹಾಲಯದಲ್ಲಿ ಹಳೆಯ ಸಂಸತ್ತಿನ ಸಭಾಂಗಣವನ್ನು ಇದ್ದ ಹಾಗೆಯೇ ಉಳಿಸಿಕೊಂಡಿದ್ದಾರೆ. ಎರಡು ಸಾವಿರ ವರ್ಷಗಳ ಹಿಂದಿನ ರೋಮ್ ಸಾಮ್ರಾಜ್ಯದ ಕತೆ ಕೇಳಿದ್ದ ಮಕ್ಕಳಿಗೆ, ಈ ದೇಶಕ್ಕೆ ಇನ್ನೂ ಇನ್ನೂರು ವರ್ಷವೂ ಆಗಿಲ್ಲ ಎಂಬುದು ನಂಬಲಾಗದ ಮಾತಾಯಿತು. ಆಗ ನೆನಪಿಗೆ ಬಂದದ್ದು ನಮ್ಮದೇ ಏಕೀಕರಣ. ಗಂಗಾವತಿಯ ಅವರ ಮುತ್ತಜ್ಜ ನಿಜಾಮರ ಆಳ್ವಿಕೆಯಲ್ಲಿ ಹುಟ್ಟಿ, 1956ರಲ್ಲಿ ಊರು ಬಿಡದೆಯೇ ಬೇರೆ ರಾಜ್ಯದವರಾದದ್ದನ್ನು ಇಬ್ಬರೂ ಮನೆಯಲ್ಲಿ ಕೇಳಿ ಬಲ್ಲರು. ಇಲ್ಲಿಯೂ ಅಷ್ಟೆ: ಮಿಲಾನ್ ಮತ್ತು ವೆನಿಸ್ ಆಸ್ಟ್ರಿಯಾದ ಕೈಯಲ್ಲಿದ್ದವು, ರೋಮ್ ಪೋಪರದಾಗಿತ್ತು, ನೇಪಲ್ಸ್ ಮತ್ತು ಸಿಸಿಲಿಗೆ ಬೇರೊಬ್ಬ ದೊರೆಯಿದ್ದ. ಮಾತು ಕೂಡ ಬೇರೆಬೇರೆಯೇ. ಇಂದು ಶಾಲೆಯಲ್ಲಿ ಕಲಿಸುವ ಇಟಾಲಿಯನ್ ಫ್ಲಾರೆನ್ಸ್ ಸೀಮೆಯ ಬರಹದ ಭಾಷೆಯಿಂದ ಬೆಳೆದದ್ದು. ದೇಶದಲ್ಲಿ ಈಗಿರುವ 20 ಪ್ರಾಂತ್ಯಗಳಲ್ಲಿ ಐದಕ್ಕೆ ವಿಶೇಷ ಸ್ವಾಯತ್ತತೆ ಇರುವುದಕ್ಕೆ ಕಾರಣ ಈ ಹಿನ್ನೆಲೆಯಲ್ಲಿಯೇ ಸಿಗುತ್ತದೆ.

ನಾವು ಅಲ್ಲಿದ್ದಾಗಲೇ ಏಪ್ರಿಲ್ 25 ಬಂತು. 1945ರಲ್ಲಿ ಫ್ಯಾಸಿಸ್ಟರಿಂದಲೂ ನಾಜಿ ಸೇನೆಯಿಂದಲೂ ಬಿಡುಗಡೆ ಪಡೆದ ನೆನಪಿನ ರಾಷ್ಟ್ರೀಯ ರಜೆ ಅದು. ಮನೆಗಳ ಗೋಡೆಗಳಲ್ಲಿ, ಪ್ರತಿರೋಧದ ಹೋರಾಟಗಾರರು ಸತ್ತ ಜಾಗಗಳನ್ನು ಗುರುತಿಸುವ ಸಣ್ಣ ಕಲ್ಲುಫಲಕಗಳಿವೆ. ಅಂದು ಅವುಗಳ ಕೆಳಗೆ ಹಸಿರೆಲೆಯ ಹಾರಗಳು ತೂಗುತ್ತಿದ್ದವು. ಮಗಳು ಫಲಕಗಳ ಮೇಲಿನ ವಯಸ್ಸನ್ನು ಲೆಕ್ಕ ಹಾಕುತ್ತ ನಡೆದಳು. ಹೆಚ್ಚಿನವರು ಅವಳ ಸೋದರಮಾವನಿಗಿಂತಲೂ ಚಿಕ್ಕವರು.

ಟೂರಿನ್‌ನಿಂದ ಮಿಲಾನ್‌ಗೆ ವೇಗದ ರೈಲು ಒಂದು ಗಂಟೆಯಲ್ಲಿ ಮುಟ್ಟಿಸುತ್ತದೆ. ನಾವು ಅದನ್ನು ಬಿಟ್ಟು, ನಿಂತು ನಿಂತು ಹೋಗುವ ಪ್ರಾಂತೀಯ ರೈಲು ಹಿಡಿದು ವೆರ್ಚೆಲಿಯಲ್ಲಿ ಇಳಿದೆವು. ಪ್ರವಾಸಿ ಕೈಪಿಡಿಗಳು ಈ ಊರಿಗೆ ಒಂದೆರಡು ಸಾಲು ಕೊಟ್ಟರೆ ಹೆಚ್ಚು. ಆದರೆ ಯುರೋಪಿನ ಒಕ್ಕೂಟದಲ್ಲಿ ಅತಿ ಹೆಚ್ಚು ಭತ್ತ ಬೆಳೆಯುವ ದೇಶ ಇಟಲಿ, ಅದರ ಭತ್ತದ ಕಣಜ ಈ ಸೀಮೆ. ಏಪ್ರಿಲ್ ಕೊನೆಗೆ ಗದ್ದೆಗಳಿಗೆ ನೀರು ಬಿಟ್ಟಿದ್ದರು. ಕಣ್ಣು ಹಾಯುವವರೆಗೆ ಚೌಕ ಚೌಕವಾಗಿ ನೀರು, ಆ ನೀರಿನಲ್ಲಿ ತಲೆಕೆಳಗಾಗಿ ಹಿಮ ಹೊತ್ತ ಆಲ್ಪ್ಸ್, ಬದುವಿನ ಮೇಲೆ ಕೊಕ್ಕರೆಗಳು. ತಂಗಿಯ ಮಗ ಬದುವಿನ ಮೇಲೆ ಕುಳಿತು ಕೈಯದ್ದಿ, ನೀರು ಇಷ್ಟು ತಣ್ಣಗಿದ್ದರೆ ಭತ್ತ ಮೊಳೆಯುವುದು ಹೇಗೆ ಎಂದು ಕೇಳಿದ. ಅಜ್ಜನ ಗದ್ದೆ ಕಂಡವನ ಪ್ರಶ್ನೆ ಅದು. ನಿಂತ ನೀರು ಹಗಲಿನ ಬಿಸಿಯನ್ನು ಹಿಡಿದಿಟ್ಟುಕೊಂಡು ರಾತ್ರಿಯ ಚಳಿಯಿಂದ ಮೊಳಕೆಯನ್ನು ಕಾಯುತ್ತದೆ. ಇಲ್ಲಿ ಗದ್ದೆಗೆ ನೀರು ಕಟ್ಟುವುದರ ಒಂದು ಮುಖ್ಯ ಕಾರಣವೇ ಇದು. ನಾಟಿಯಿಲ್ಲ, ಯಂತ್ರದಿಂದ ನೇರ ಬಿತ್ತನೆ. ಹಿಂದೆ ಕಳೆ ಕೀಳಲು ದೂರದೂರದಿಂದ ಹೆಂಗಸರು ಬರುತ್ತಿದ್ದರು. ಮೊಣಕಾಲುದ್ದ ನೀರಿನಲ್ಲಿ ಬಾಗಿ ದುಡಿಯುತ್ತಿದ್ದ ಆ ಮೊಂಡಿನೆಯರು 20ನೆಯ ಶತಮಾನದ ಆರಂಭದಲ್ಲಿ ಎಂಟು ಗಂಟೆಯ ದುಡಿಮೆಗಾಗಿ ಹೋರಾಡಿದ್ದು ಇಟಲಿಯ ಕಾರ್ಮಿಕ ಚರಿತ್ರೆಯ ದೊಡ್ಡ ಅಧ್ಯಾಯ. ಪೋ ನದಿಯ ನೀರನ್ನು ಈ ಗದ್ದೆಗಳ ಕಡೆಗೆ ತಿರುಗಿಸಿದ ಕಾಲುವೆಯನ್ನು 1863ರಿಂದ 1866ರ ನಡುವೆ ಕಟ್ಟಿ, ಮೊದಲ ಪ್ರಧಾನಿ ಕಾವೂರ್ ಅವರ ಹೆಸರಿಟ್ಟರು. ಹೊಸ ದೇಶ ಮಾಡಿದ ಮೊದಮೊದಲ ದೊಡ್ಡ ಕೆಲಸಗಳಲ್ಲಿ ಒಂದು ಕಾಲುವೆ ಎಂಬುದು ನನಗೆ ಬಹಳ ಹಿಡಿಸಿತು.

652 ಕಿಲೋಮೀಟರ್ ಹರಿಯುವ ಪೋ ಇಲ್ಲದಿದ್ದರೆ ಉತ್ತರ ಇಟಲಿಯ ಊಟವೇ ಇಲ್ಲ. ಅಕ್ಕಿಯಿಂದ ರಿಸೊಟ್ಟೊ, ಮೆಕ್ಕೆಜೋಳದಿಂದ ಪೊಲೆಂಟಾ, ಹುಲ್ಲುಗಾವಲಿನ ಹಸುಗಳಿಂದ ಬೆಣ್ಣೆ ಮತ್ತು ಗಿಣ್ಣು, ಅಂದರೆ ಚೀಸ್. ಆಲಿವ್ ಎಣ್ಣೆಯ ರಾಜ್ಯಭಾರ ಶುರುವಾಗುವುದು ಅಪೆನ್ನೈನ್ ಬೆಟ್ಟಸಾಲನ್ನು ದಾಟಿದ ಮೇಲೆ. (ಕಟ್ಟುನಿಟ್ಟಿನ ಸಸ್ಯಾಹಾರಿಗಳು ಗಮನಿಸಬೇಕು: ಪಾರ್ಮ ಸೀಮೆಯ ಪ್ರಸಿದ್ಧ ಗಿಣ್ಣಿಗೆ ಹಾಲು ಹೆಪ್ಪುಗಟ್ಟಿಸಲು ಕರುವಿನ ಜಠರದಿಂದ ತೆಗೆದ ವಸ್ತುವನ್ನು ಬಳಸುತ್ತಾರೆ.) ಆ ಗಿಣ್ಣಿಗೆ ಹಾಲು ಕೊಡುವ ಹಸುಗಳನ್ನು ಇಂದು ನೋಡಿಕೊಳ್ಳುತ್ತಿರುವವರಲ್ಲಿ ಪಂಜಾಬಿನಿಂದ ಬಂದ ಸಿಖ್ಖರು ಬಹಳ ಮಂದಿ. ರೆಜ್ಜೋ ಎಮೀಲಿಯಾ ಬಳಿಯ ನೊವೆಲ್ಲಾರಾದಲ್ಲಿ 2000ದಲ್ಲೇ ದೊಡ್ಡ ಗುರುದ್ವಾರ ತೆರೆಯಿತು. ಇಟಲಿಯ ಸಮಾಜವೆಂದರೆ ಚಿತ್ರಕಾರರು ಮತ್ತು ಪೋಪರು ಮಾತ್ರ ಎಂದುಕೊಂಡಿರುವ ಮಕ್ಕಳಿಗೆ ಈ ಸಂಗತಿಯನ್ನು ಹೇಳಲೇಬೇಕು.

ವೆನಿಸ್‌ನಲ್ಲಿ ಗೊಂಡೊಲಾಕ್ಕೆ ಹಣ ಸುರಿಯದೆ, ಜನರು ದಿನನಿತ್ಯ ಓಡಾಡುವ ವಪೊರೆಟ್ಟೊ ದೋಣಿಯಲ್ಲಿ ಕುಳಿತೆವು. ಕಾರು ಬಿಡಿ, ಸೈಕಲ್ ಕೂಡ ಓಡದ ಊರಿನಲ್ಲಿ ಆಂಬ್ಯುಲೆನ್ಸ್ ದೋಣಿ, ಕಸದ ದೋಣಿ, ಸಿಮೆಂಟ್ ಹೊತ್ತ ದೋಣಿಗಳನ್ನು ಎಣಿಸುವುದೇ ಮಕ್ಕಳಿಗೆ ಆಟವಾಯಿತು. ರಿಯಾಲ್ಟೋ ಸೇತುವೆಗೆ ಸಮೀಪದ ಒಂದು ಔಷಧದಂಗಡಿಯ ಕಿಟಕಿಯಲ್ಲಿ, ದ್ವೀಪನಗರದಲ್ಲಿ ಉಳಿದಿರುವ ನಿವಾಸಿಗಳ ಸಂಖ್ಯೆಯನ್ನು ಕೆಂಪು ಅಂಕಿಗಳಲ್ಲಿ ತೋರಿಸುವ ಫಲಕವಿದೆ. ಅದು 50,000ಕ್ಕಿಂತ ಕಡಿಮೆ ಇತ್ತು. 1950ರ ದಶಕದ ಆರಂಭದಲ್ಲಿ ಅದೇ ಸಂಖ್ಯೆ 1,70,000 ದಾಟಿತ್ತು ಎಂದು ಹೇಳಿ, ವ್ಯವಕಲನ ಮಾಡಲು ಬಿಟ್ಟೆ. ಜನ ಹೋದದ್ದು ಮುಳುಗುವ ಭಯದಿಂದಲೇ ಎಂದು ಮಗಳು ತೀರ್ಮಾನಿಸಿದಳು. ಉಬ್ಬರದ ನೀರನ್ನು ತಡೆಯಲು ಸಮುದ್ರದ ಮೂರು ಬಾಯಿಗಳಲ್ಲಿ ಹಾಕಿರುವ 78 ಉಕ್ಕಿನ ಬಾಗಿಲುಗಳು 2020ರ ಅಕ್ಟೋಬರ್‌ನಿಂದ ಕೆಲಸ ಮಾಡುತ್ತಿವೆ. ಬಾಡಿಗೆಯ ಏರಿಕೆಗೆ ಹಾಗೂ ಪ್ರತಿ ಮನೆಯೂ ಪ್ರವಾಸಿಗರ ವಸತಿಯಾಗುವುದಕ್ಕೆ ಅಂಥ ಬಾಗಿಲುಗಳಿಲ್ಲ. ನಾವೂ ಅಂಥದೊಂದು ಮನೆಯಲ್ಲೇ ತಂಗಿದ್ದೆವು.

ಬೊಲೋನ್ಯಾದಿಂದ ಫ್ಲಾರೆನ್ಸ್‌ಗೆ ಹೋಗುವ ವೇಗದ ರೈಲುಮಾರ್ಗ ಬಹುಪಾಲು ಸುರಂಗವೇ. ದೇಶದ ಬೆನ್ನುಮೂಳೆಯಾದ ಅಪೆನ್ನೈನ್ ಎಷ್ಟು ದಪ್ಪವೆಂಬುದನ್ನು ಮಕ್ಕಳು ಕಿಟಕಿಯ ಕತ್ತಲೆಯಿಂದಲೇ ತಿಳಿದರು. ಫ್ಲಾರೆನ್ಸ್‌ನಲ್ಲಿ ವಾಸ್ತುಶಿಲ್ಪಿ ಬ್ರುನೆಲ್ಲೆಸ್ಕಿ ಪ್ರಧಾನ ಚರ್ಚಿಗೆ ಕಟ್ಟಿದ, 1436ರಲ್ಲಿ ಪೂರ್ಣವಾದ ಗುಮ್ಮಟಕ್ಕೆ 463 ಮೆಟ್ಟಿಲು ಹತ್ತಿದೆವು; ಒಳಚಿಪ್ಪು ಹೊರಚಿಪ್ಪುಗಳ ನಡುವಿನ ಕಿರುದಾರಿಯಲ್ಲಿ ಇಟ್ಟಿಗೆಗಳನ್ನು ಓರೆಯಾಗಿ ಹೆಣೆದಿರುವುದು ಕಾಣುತ್ತದೆ. ಚಿತ್ರಶಾಲೆಗಳಲ್ಲಿ ಮಕ್ಕಳ ಕಾಲು ಬೇಗ ಸೋಲುವುದರಿಂದ ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಸರ್ಕಾರಿ ಸಂಗ್ರಹಾಲಯಗಳಲ್ಲಿ 18 ವರ್ಷದೊಳಗಿನವರಿಗೆ ಪ್ರವೇಶ ಉಚಿತವಾದ್ದರಿಂದ, ಅರ್ಧಕ್ಕೇ ಹೊರಬಂದರೂ ಮನಸ್ಸಿಗೆ ನೋವಾಗುವುದಿಲ್ಲ.

ರೋಮ್‌ನಲ್ಲಿ ಮಕ್ಕಳನ್ನು ಹಿಡಿದು ನಿಲ್ಲಿಸಿದ್ದು ಕೊಲೋಸಿಯಂ ಅಲ್ಲ, ಬೀದಿಯ ನಲ್ಲಿಗಳು. ಬಾಗಿದ ಮೂತಿಯ ಈ ಎರಕದ ಕಂಬಗಳು ನಗರದಲ್ಲಿ ಎರಡು ಸಾವಿರಕ್ಕೂ ಹೆಚ್ಚಿವೆ; ಮೂತಿಯನ್ನು ಬೆರಳಿನಿಂದ ಮುಚ್ಚಿದರೆ ಮೇಲಿನ ಸಣ್ಣ ತೂತಿನಿಂದ ನೀರು ಕಮಾನಾಗಿ ಚಿಮ್ಮಿ ನೇರ ಬಾಯಿಗೆ ಬರುತ್ತದೆ. ಕುಡಿಯುವ ನೀರನ್ನು ಊರಿಗೆಲ್ಲ ಪುಕ್ಕಟೆ ಹರಿಸುವ ಪದ್ಧತಿ ಇಲ್ಲಿ ಹಳೆಯದು. ಟ್ರೆವಿ ಕಾರಂಜಿಗೆ ನೀರು ತರುವ ನಾಲೆಯ ಮೂಲ ಕ್ರಿ.ಪೂ. 19ರದು. ಹಿಂದೆ ಬಡ ಕಾರ್ಮಿಕರದಾಗಿದ್ದ ಸ್ಯಾನ್ ಲೊರೆಂಜೊ ಎಂಬ ಬಡಾವಣೆಗೂ ಹೋದೆವು. 1907ರ ಜನವರಿ 6ರಂದು ಮಾರಿಯಾ ಮಾಂಟೆಸ್ಸೊರಿ ತಮ್ಮ ಮೊದಲ ‘ಮಕ್ಕಳ ಮನೆ’ ಶಾಲೆಯನ್ನು ತೆರೆದದ್ದು ಅಲ್ಲಿ. ಇಟಲಿಯ ಮಕ್ಕಳಿಗೆ ಆ ದಿನ ಬೆಫಾನಾ ಎಂಬ ಮುದುಕಿ ಕಾಲುಚೀಲದಲ್ಲಿ ಸಿಹಿ ತುಂಬಿಸಿ ಹೋಗುವ ಹಬ್ಬ. 1939ರಲ್ಲಿ ಮದರಾಸಿನ ಅಡ್ಯಾರ್‌ಗೆ ಬಂದ ಮಾಂಟೆಸ್ಸೊರಿ, ಯುದ್ಧ ಶುರುವಾಗಿ ಶತ್ರುದೇಶದವರೆನಿಸಿಕೊಂಡು, 1946ರವರೆಗೆ ಭಾರತದಲ್ಲೇ ಉಳಿದು ಶಿಕ್ಷಕರಿಗೆ ತರಬೇತಿ ಕೊಟ್ಟರು. ಬೆಂಗಳೂರಿನಲ್ಲಿ ತಾವು ಓದಿದ ಶಿಶುವಿಹಾರದ ಮರದ ಸಲಕರಣೆಗಳ ಮೂಲ ಈ ಬೀದಿಯಲ್ಲಿದೆ ಎಂದು ಮಕ್ಕಳಿಗೆ ಗೊತ್ತಿರಲಿಲ್ಲ.

ಕಾಫಿಯ ವಿಷಯದಲ್ಲಿಯೂ ನಂಟುಂಟು. ಇಲ್ಲಿನ ಬಾರ್ ಎಂದರೆ ಕಾಫಿಯಂಗಡಿ. ಕಟ್ಟೆಯ ಬಳಿ ನಿಂತು ಎರಡು ಗುಟುಕಿನಲ್ಲಿ ಎಸ್ಪ್ರೆಸ್ಸೊ ಮುಗಿಸಿ ಹೊರಡುವವರೇ ಹೆಚ್ಚು. ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಇಟಲಿ, ಭಾರತದ ಕಾಫಿಯಲ್ಲಿ ಸುಮಾರು ಶೇ. 70 ಕರ್ನಾಟಕದ್ದು. ಲೋಟದ ಮೇಲಿನ ಆ ದಟ್ಟ ನೊರೆಗೆ ಕೊಡಗು, ಚಿಕ್ಕಮಗಳೂರಿನ ರೊಬಸ್ಟಾ ಕೂಡ ಕಾರಣವಿರಬಹುದೆಂದಾಗ ತಂಗಿಯ ಮಗ, "ದೊಡ್ಡಮ್ಮ, ಹಾಗಾದರೆ ನಮಗೆ ಕಡಿಮೆ ದುಡ್ಡು ತಗೊಳ್ಳಬೇಕಲ್ವಾ?" ಎಂದ.

ಪೊಂಪೆಯಲ್ಲಿ ಅವನು ಹೆಚ್ಚು ಹೊತ್ತು ಕಳೆದದ್ದು ಬೀದಿಯ ಕಲ್ಲುಹಾಸಿನಲ್ಲಿ ಬಂಡಿಗಾಲಿಗಳು ಕೊರೆದ ಗೆರೆಗಳಲ್ಲಿ. ಅಂಗೈಯನ್ನು ಅಡ್ಡ ಇಟ್ಟರೆ ಮುಳುಗುವಷ್ಟು ಆಳ. ಪಾದಚಾರಿಗಳು ಕೊಳಚೆ ತುಳಿಯದೆ ದಾಟಲು ಇಟ್ಟ ಎತ್ತರದ ಕಲ್ಲುಗಳ ನಡುವೆ ಗಾಲಿ ಹೋಗಲು ಸಂದು ಬಿಟ್ಟಿದ್ದಾರೆ. ಕ್ರಿ.ಶ. 79ರಲ್ಲಿ ಊರನ್ನು ಹೂತ ವೆಸೂವಿಯಸ್ ಜ್ವಾಲಾಮುಖಿ ಕೊನೆಯದಾಗಿ ಸಿಡಿದದ್ದು 1944ರಲ್ಲಿ. ಅದರ ಅಪಾಯದ ಕೆಂಪು ವಲಯದಲ್ಲಿ ಈಗಲೂ ಆರು ಲಕ್ಷಕ್ಕೂ ಹೆಚ್ಚು ಜನ ವಾಸವಾಗಿದ್ದಾರೆ.

ನೇಪಲ್ಸ್‌ನಿಂದ ಸಿಸಿಲಿಗೆ ಹೋಗುವ ರೈಲು ವಿಲ್ಲಾ ಸ್ಯಾನ್ ಜೊವಾನ್ನಿಯಲ್ಲಿ ನಿಂತು, ಬೋಗಿಗಳನ್ನು ತುಂಡು ಮಾಡಿ, ಹಿಂದೆ ಮುಂದೆ ತಳ್ಳಿ, ಹಡಗಿನ ಹೊಟ್ಟೆಯೊಳಗಿನ ಹಳಿಗಳ ಮೇಲೆ ಸಾಲಾಗಿ ನಿಲ್ಲಿಸುತ್ತದೆ. ಕೊಂಡಿ ಕಳಚುವ ಸದ್ದಿಗೆ ಮಕ್ಕಳು ಇಳಿದು ಮೇಲಂತಸ್ತಿಗೆ ಓಡಿದರು. ಜಲಸಂಧಿ ಅತಿ ಕಿರಿದಾದಲ್ಲಿ ಮೂರೇ ಕಿಲೋಮೀಟರ್. ನಡುವೆ ಕಂಬವಿಲ್ಲದೆ 3,300 ಮೀಟರ್ ಚಾಚುವ ತೂಗುಸೇತುವೆ ಕಟ್ಟುವ ಮಾತು ದಶಕಗಳಿಂದ ನಡೆದೇ ಇದೆ. ಎದುರಿನ ಮೆಸ್ಸೀನಾ 1908ರ ಡಿಸೆಂಬರ್ 28ರ ಭೂಕಂಪ ಮತ್ತು ಕಡಲಲೆಗಳಲ್ಲಿ ನೆಲಸಮವಾಗಿ, ಹತ್ತಾರು ಸಾವಿರ ಜನರನ್ನು ಕಳೆದುಕೊಂಡ ಊರು. ಸೇತುವೆಯ ಪರ ವಿರೋಧ ಎರಡೂ ಕಡೆಯವರು ಆ ದಿನವನ್ನು ಮರೆತು ಮಾತಾಡುವಂತಿಲ್ಲ.

ಸಿಸಿಲಿಯ ಕತಾನಿಯಾ ನಗರದ ಚೌಕದಲ್ಲಿ ಲಾವಾಕಲ್ಲಿನ ಕಪ್ಪು ಆನೆಯೊಂದು ಬೆನ್ನ ಮೇಲೆ ಸ್ತಂಭ ಹೊತ್ತು ನಿಂತಿದೆ. 1693ರ ಭೂಕಂಪದ ನಂತರ ನಗರವನ್ನು ಎಟ್ನಾ ಜ್ವಾಲಾಮುಖಿಯ ಕಲ್ಲಿನಿಂದಲೇ ಮರಳಿ ಕಟ್ಟಿದರು. ನಾವು ಉಳಿದಿದ್ದ ಮನೆಯ ಯಜಮಾನಿ, ಬೂದಿ ಸುರಿದ ದಿನಗಳ ಬಗ್ಗೆ ಮುರುಕು ಇಂಗ್ಲಿಷ್‌ನಲ್ಲಿ ವಿವರಿಸಿದರು: ವಿಮಾನ ನಿಲ್ದಾಣ ಮುಚ್ಚುತ್ತದೆ, ಸ್ಕೂಟರ್‌ಗಳು ಜಾರುತ್ತವೆ, ತಾರಸಿ ಗುಡಿಸಿ ಬೂದಿಯನ್ನು ಚೀಲಕ್ಕೆ ತುಂಬಬೇಕು. ಹಾಗಿದ್ದರೆ ಇಲ್ಲಿ ಯಾಕೆ ಇರುತ್ತೀರಿ ಎಂದು ಮಗಳು ನೇರವಾಗಿ ಕೇಳಿಯೇ ಬಿಟ್ಟಳು. ಆಕೆ ಒಳಗೆ ಹೋಗಿ ಒಳತಿರುಳು ರಕ್ತಗೆಂಪಾದ ಕಿತ್ತಳೆಯನ್ನೂ ಬ್ರೊಂಟೆ ಊರಿನ ಪಿಸ್ತಾವನ್ನೂ ತಂದು ಮೇಜಿನ ಮೇಲಿಟ್ಟರು. ಕಿತ್ತಳೆಗೆ ಆ ಬಣ್ಣ ಬರಲು ಬೆಟ್ಟದ ಬುಡದ ಹಗಲು ಬಿಸಿ ರಾತ್ರಿ ಚಳಿ ಎರಡೂ ಬೇಕು. ಪಿಸ್ತಾ ಲಾವಾ ಬಂಡೆಗಳ ನಡುವೆ ಬೆಳೆಯುವುದರಿಂದ ಯಂತ್ರ ಹೋಗುವುದಿಲ್ಲ, ಕೈಯಿಂದಲೇ ಕೀಳಬೇಕು, ಅದೂ ಎರಡು ವರ್ಷಕ್ಕೊಮ್ಮೆ.