ದೀಪಿಕಾ ದನಿ

ಜನವರಿ 5, 2025, ಭಾನುವಾರ
ಬೆಂಗಳೂರು

ಇವತ್ತು ಸ್ಟುಡಿಯೋಗೆ ರಜೆ. ದೀಪಿಕಾ ಪಡುಕೋಣೆಗೆ 39 ತುಂಬಿತು ಅಂತ ಬೆಳಗಿನಿಂದ ಫೋನ್ ತುಂಬ ಅವರದೇ ಫೋಟೋಗಳು. ಮಧ್ಯಾಹ್ನ ಊಟ ಮುಗಿಸಿ ಅವರ ‘ಪೀಕು’ ಸಿನಿಮಾ ಹಾಕಿಕೊಂಡು ಕೂತೆ. ಡಬ್ಬಿಂಗ್ ಮಾಡಿ ಬದುಕುವ ನನ್ನಂಥವಳಿಗೆ ಸಿನಿಮಾ ನೋಡುವಾಗಲೂ ಕೆಲಸದ ಚಾಳಿ ಬಿಡುವುದಿಲ್ಲ. ನಟಿಯ ಕಣ್ಣಿಗಿಂತ ಮೊದಲು ತುಟಿ ಕಾಣುತ್ತದೆ. ಪ, ಬ, ಮ ಬಂದಲ್ಲಿ ತುಟಿ ಮುಚ್ಚಿತೇ, ಉಸಿರು ಎಲ್ಲಿ ತೆಗೆದುಕೊಂಡರು, ಮಾತು ಮುಗಿಯುವ ಮುಂಚೆಯೇ ಮುಖ ತಿರುಗಿಸಿದರೇ ಅಂತ ನೋಡುತ್ತಿರುತ್ತೇನೆ. ಹಾಗೆ ನೋಡಿದಾಗ ದೀಪಿಕಾ ನಡೆದು ಬಂದ ದಾರಿಯನ್ನು ಅವರ ದನಿಯಲ್ಲೇ ಗುರುತಿಸಬಹುದು ಅನ್ನಿಸುತ್ತದೆ.

ಅವರ ಮೊದಲ ಹಿಂದಿ ಸಿನಿಮಾ ‘ಓಂ ಶಾಂತಿ ಓಂ’ ಬಂದದ್ದು 2007ರ ನವೆಂಬರ್ 9ಕ್ಕೆ. ದೀಪಿಕಾ ಮಾಡಿದ ಪಾತ್ರ, ಗುಲಾಬಿ ಲೆಹೆಂಗಾದ ಶಾಂತಿಪ್ರಿಯಾ, ಜನಜಂಗುಳಿಯ ನಡುವೆ ಕೈಬೀಸುತ್ತಾ ಬರುತ್ತಾಳೆ, ಅವಳ ದುಪಟ್ಟಾ ಶಾರುಖ್ ಕೈಗೆ ಸಿಕ್ಕಿಕೊಳ್ಳುತ್ತದೆ. ಆ ದೃಶ್ಯಕ್ಕೆ ಮಾತೇ ಬೇಡ. ಕತ್ತು ಹೊರಳಿಸುವುದು, ನಿಂತು ನಕ್ಕು ಮುಂದೆ ಹೋಗುವುದು, ಇಷ್ಟೇ ಸಾಕು. ಮಾಡೆಲಿಂಗ್ ಮಾಡಿದವರಿಗೆ ಅದು ಬೆರಳ ತುದಿಯ ವಿದ್ಯೆ. ಮಾತು ಶುರುವಾದ ಮೇಲೆ ಕೇಳುವುದು ಮಾತ್ರ ದೀಪಿಕಾ ದನಿಯಲ್ಲ, ಡಬ್ಬಿಂಗ್ ಕಲಾವಿದೆ ಮೋನಾ ಘೋಷ್ ಶೆಟ್ಟಿ ಅವರದು. ಎಪ್ಪತ್ತರ ದಶಕದ ತಾರೆ, ಈ ಕಾಲದ ಹುಡುಗಿ, ಎರಡೂ ಪಾತ್ರಗಳಿಗೆ ಮೋನಾ ಎಷ್ಟು ಹದವಾಗಿ ದನಿ ಕೊಟ್ಟಿದ್ದಾರೆಂದರೆ ಗೊತ್ತಿಲ್ಲದವರಿಗೆ ಅನುಮಾನವೇ ಬರುವುದಿಲ್ಲ. ಹೊಸ ನಟಿಗೆ ಸಲ್ಲುವ ಫಿಲ್ಮ್‌ಫೇರ್ ಪ್ರಶಸ್ತಿ ಆ ವರ್ಷ ದೀಪಿಕಾಗೆ ಬಂತು. ದನಿ ಕೊಟ್ಟವರ ಹೆಸರು ಎಷ್ಟು ಜನಕ್ಕೆ ಗೊತ್ತು? ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ.

ಹಾಗಂತ ಆಗ ದೀಪಿಕಾರನ್ನು ಬರೀ ಗೊಂಬೆ ಅಂದವರ ಮಾತು ನನಗೆ ಒಪ್ಪಿಗೆಯಿಲ್ಲ. ಆ ನಿಲುವು, ಆ ನಡಿಗೆ ಸುಮ್ಮನೆ ಬಂದದ್ದಲ್ಲ. ಅಪ್ಪ ಪ್ರಕಾಶ್ ಪಡುಕೋಣೆ ಬ್ಯಾಡ್ಮಿಂಟನ್ ಕಲಿತದ್ದು ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆ ಹಾಲಿನಲ್ಲಿ. ಮದುವೆ ಇದ್ದ ದಿನ ಆಟ ಇಲ್ಲ. ಅಲ್ಲಿಂದ ಹೊರಟವರು 1980ರಲ್ಲಿ ಇಂಡೋನೇಷ್ಯಾದ ಲೀಮ್ ಸ್ವೀ ಕಿಂಗ್ ಅವರನ್ನು ಸೋಲಿಸಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಟೂರ್ನಿ ಗೆದ್ದರು. ಹಾಗೆ ಗೆದ್ದ ಮೊದಲ ಭಾರತೀಯ ಅವರೇ. ಆಮೇಲೆ ಆಟಕ್ಕಾಗಿ ಡೆನ್ಮಾರ್ಕಿನಲ್ಲಿ ನೆಲೆಸಿದ್ದಾಗ, 1986ರ ಈ ದಿನ, ಕೋಪನ್‌ಹೇಗನ್ನಿನಲ್ಲಿ ದೀಪಿಕಾ ಹುಟ್ಟಿದರು. ಮಗುವಿಗೆ ವರ್ಷ ತುಂಬುವ ಹೊತ್ತಿಗೆ ಸಂಸಾರ ಬೆಂಗಳೂರಿಗೆ ವಾಪಸ್. ಮನೆಮಾತು ಕೊಂಕಣಿ, ಮೂಲ ಕುಂದಾಪುರದ ಹತ್ತಿರದ ಪಡುಕೋಣೆ, ಓದು ಸೋಫಿಯಾ ಹೈಸ್ಕೂಲು, ಮೌಂಟ್ ಕಾರ್ಮೆಲ್. ಬೆಳಕು ಹರಿಯುವ ಮುಂಚೆ ಎದ್ದು ಕೋರ್ಟಿಗೆ ಹೋಗಿ, ರಾಷ್ಟ್ರಮಟ್ಟದವರೆಗೂ ಆಡಿದ ಹುಡುಗಿ. ಹತ್ತನೇ ಕ್ಲಾಸಿನ ಹೊತ್ತಿಗೆ ಆಟ ಬಿಡುತ್ತೇನೆ, ಮಾಡೆಲ್ ಆಗುತ್ತೇನೆ ಅಂದಾಗ ಅಪ್ಪ ಅಡ್ಡ ಬರಲಿಲ್ಲ. ಇಂಥ ಅಪ್ಪನ ಮಗಳು ಅಪ್ಪನ ಆಟವನ್ನೇ ಬಿಡುತ್ತೇನೆ ಅನ್ನಲು ಎಷ್ಟು ಧೈರ್ಯ ಬೇಕೋ, ಅದಕ್ಕೆ ಹೂಂ ಅನ್ನಲೂ ಅಷ್ಟೇ ದೊಡ್ಡ ಮನಸ್ಸು ಬೇಕು.

ಮುಂದಿನದು ಬೇಗ ಬೇಗ ಆಯಿತು. ನಮ್ಮ ಬೆಂಗಳೂರಿನ ಫ್ಯಾಷನ್ ಗುರು ಪ್ರಸಾದ್ ಬಿದಪ್ಪ ಅವರ ಕೈಕೆಳಗೆ ತಯಾರಿ, ಲಿರಿಲ್ ಜಾಹೀರಾತು, 2005ರಲ್ಲಿ ಲ್ಯಾಕ್ಮೆ ಫ್ಯಾಷನ್ ವೀಕ್, ಮರುವರ್ಷ ಕಿಂಗ್‌ಫಿಷರ್ ಕ್ಯಾಲೆಂಡರ್, ಹಿಮೇಶ್ ರೇಶಮಿಯಾ ಹಾಡಿನ ವಿಡಿಯೋ. ಅದೇ 2006ರಲ್ಲಿ ಇಂದ್ರಜಿತ್ ಲಂಕೇಶ್ ನಿರ್ದೇಶನದ ‘ಐಶ್ವರ್ಯ’ದಲ್ಲಿ ಉಪೇಂದ್ರ ಜೊತೆ ನಾಯಕಿ. ಅವರ ಮೊಟ್ಟಮೊದಲ ಸಿನಿಮಾ ಕನ್ನಡದ್ದು ಎಂದರೆ ಹೊರಗಿನವರು ಈಗಲೂ ಹುಬ್ಬೇರಿಸುತ್ತಾರೆ.

ರ‍್ಯಾಂಪಿನಿಂದ ಬಂದವರಿಗೆ ಸಿನಿಮಾದಲ್ಲಿ ಕಷ್ಟ ಎಲ್ಲಿ ಅಂತ ನಾನು ಹತ್ತಿರದಿಂದ ನೋಡಿದ್ದೇನೆ. ಬೆಳಕು ಎಲ್ಲಿಂದ ಬೀಳುತ್ತಿದೆ, ಮುಖದ ಯಾವ ಮಗ್ಗುಲು ತೋರಿಸಬೇಕು, ಗುರುತು ಹಾಕಿದ ಜಾಗದಲ್ಲೇ ಹೇಗೆ ನಿಲ್ಲಬೇಕು, ಇದೆಲ್ಲ ಅವರಿಗೆ ಬೇರೆಯವರಿಗಿಂತ ಚೆನ್ನಾಗಿ ಗೊತ್ತು. ಆದರೆ ಮೈಕಿನ ಮುಂದೆ ನಿಂತು, ಹೆಡ್‌ಫೋನಿನಲ್ಲಿ ತಮ್ಮದೇ ಪೈಲಟ್ ಟ್ರ್ಯಾಕ್, ಅಂದರೆ ಶೂಟಿಂಗ್ ಹೊತ್ತಲ್ಲಿ ರೆಕಾರ್ಡ್ ಆದ ಮಾತು, ಕೇಳಿದಾಗ ಮುದುಡಿಹೋಗುತ್ತಾರೆ. ವರ್ಷಗಟ್ಟಲೆ ಬಾಯಿ ಮುಚ್ಚಿ ದುಡಿದವರು. ದನಿಯನ್ನು ಹೊಟ್ಟೆಯಿಂದ ತರಬೇಕು ಅಂತ ಅಲ್ಲಿಯವರೆಗೆ ಯಾರೂ ಅವರನ್ನು ಕೇಳಿರುವುದಿಲ್ಲ. ‘ಓಂ ಶಾಂತಿ ಓಂ’ ಆದ ಮೇಲೆ ಹಿಂದಿಯಲ್ಲಿ ದೀಪಿಕಾ ತಮ್ಮದೇ ದನಿಯಲ್ಲಿ ಮಾತಾಡಿದರು. ಮೊದಮೊದಲು ಆ ಮಾತು ಚಪ್ಪಟೆಯಾಗಿತ್ತು, ಉಚ್ಚಾರಣೆಯ ಬಗ್ಗೆ ಟೀಕೆಯೂ ಬಂತು. ‘ಕಾಕ್‌ಟೇಲ್’ನ ವೆರೋನಿಕಾ ಒಡೆದು ಅಳುವಾಗ ಮೊದಲ ಸಲ ದನಿ ಹದ ತಪ್ಪಿತು, ಬಿರುಕು ಬಿಟ್ಟಿತು. ಅದು 2012. ಚೆಂದ ಕಾಣುವ ಹಟ ಅವತ್ತು ಹೋಯಿತು ಅಂತ ನನ್ನ ನಂಬಿಕೆ. 2013 ಪೂರ್ತಿ ಅವರದೇ: ‘ಯೇ ಜವಾನಿ ಹೈ ದಿವಾನಿ’, ‘ಚೆನ್ನೈ ಎಕ್ಸ್‌ಪ್ರೆಸ್’, ‘ರಾಮ್‌ಲೀಲಾ’.

ಇಷ್ಟೆಲ್ಲ ಕೈಗೂಡಿದ ಬೆನ್ನಿಗೇ, 2014ರಲ್ಲಿ, ಬೆಳಿಗ್ಗೆ ಏಳಲೂ ಮನಸ್ಸಿಲ್ಲದಂಥ ಖಿನ್ನತೆ. ನೋಡಲು ಬಂದ ಅಪ್ಪ ಅಮ್ಮ ಬೆಂಗಳೂರಿಗೆ ಹೊರಟು ನಿಂತಾಗ ಮಗಳು ಅತ್ತಳು. ಇದು ಸುಮ್ಮನೆ ಬಂದ ಅಳುವಲ್ಲ, ಇದಕ್ಕೆ ತಜ್ಞರ ನೆರವು ಬೇಕು ಅಂತ ಗುರುತಿಸಿದವರು ಅಮ್ಮ ಉಜ್ಜಲಾ. ಚಿಕಿತ್ಸೆ ಪಡೆದು ಸುಧಾರಿಸಿಕೊಂಡು, 2015ರ ಶುರುವಿನಲ್ಲಿ ದೀಪಿಕಾ ಇದನ್ನೆಲ್ಲ ಬಹಿರಂಗವಾಗಿ ಹೇಳಿದರು. ಟಿವಿಯಲ್ಲಿ ಪಕ್ಕದಲ್ಲಿ ಅಮ್ಮನನ್ನೂ ವೈದ್ಯರನ್ನೂ ಕೂರಿಸಿಕೊಂಡು ಮಾತಾಡಿದರು. ಆ ಮಾತು ನಮ್ಮ ಮನೆಯಲ್ಲೂ ಕೇಳಿಸಿತು. ‘ಎಲ್ಲ ಇದ್ದವರಿಗೆ ಎಂಥ ಕಾಯಿಲೆ’ ಅನ್ನುತ್ತಿದ್ದ ನಮ್ಮತ್ತೆ, ‘ಪಾಪ, ಆ ಹುಡುಗಿಗೇ ಹಾಗಾದರೆ ಇನ್ನು ಉಳಿದವರ ಪಾಡೇನು’ ಅಂದರು. ಆಗ ಶುರುವಾದ ದೀಪಿಕಾರ ಲಿವ್ ಲವ್ ಲಾಫ್ ಸಂಸ್ಥೆ ಹಳ್ಳಿಗಳ ಕೆಲಸಕ್ಕೆ ಮೊದಲು ಆರಿಸಿಕೊಂಡದ್ದು ನಮ್ಮ ದಾವಣಗೆರೆ ಜಿಲ್ಲೆಯನ್ನು. ಮಾನಸಿಕ ಕಾಯಿಲೆಯವರನ್ನು ಹುಡುಕಿ, ಆಸ್ಪತ್ರೆಗೆ ಕರೆತಂದು, ಮಾತ್ರೆ ನಿಲ್ಲದಂತೆ ನೋಡಿಕೊಳ್ಳುವ ಕೆಲಸ ಅದು. ಅವರ ಯಾವ ಪ್ರಶಸ್ತಿಗಿಂತಲೂ ಇದು ನನಗೆ ದೊಡ್ಡದಾಗಿ ಕಾಣುತ್ತದೆ.

‘ಪೀಕು’ ಬಂದದ್ದೂ ಅದೇ ವರ್ಷದ ಮೇನಲ್ಲಿ. ಜೂಹಿ ಚತುರ್ವೇದಿ ಬರೆದದ್ದು, ಶೂಜಿತ್ ಸರ್ಕಾರ್ ನಿರ್ದೇಶನ. ಮಲಬದ್ಧತೆಯೇ ಲೋಕವಾದ ಅಪ್ಪ, ಅವನನ್ನು ಸಂಭಾಳಿಸುವ ಮಗಳು. ಮನೆಗೆಲಸದವಳ ಜೊತೆ ಅಪ್ಪ ಜಗಳ ತೆಗೆದು ಕೂತಿರುವಾಗ ಆಫೀಸಿಗೆ ಹೊರಟ ಪೀಕು ಸಿಡುಕುವುದನ್ನು ಇವತ್ತು ಹಿಂದಕ್ಕೆ ಹಾಕಿ ಹಾಕಿ ಕೇಳಿದೆ. ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು. ಅರ್ಧಕ್ಕೆ ನುಂಗಿದ ವಾಕ್ಯಗಳು. ಸಿಟ್ಟಿನ ಕೆಳಗೆ ನಿದ್ದೆಗೆಟ್ಟವರ ಸುಸ್ತು. ಅಪ್ಪನ ಪಾತ್ರದ ಅಮಿತಾಭ್ ಅವರಂಥ ಕಂಚಿನ ಕಂಠದ ಎದುರು ಅವಳು ದನಿ ಏರಿಸಿ ಗೆಲ್ಲಲು ಹೋಗುವುದಿಲ್ಲ, ಬೇಸತ್ತು ಇಳಿಸಿ ಗೆಲ್ಲುತ್ತಾಳೆ. ಇದನ್ನು ಡಬ್ ಮಾಡು ಅಂದರೆ ಒಂದೊಂದು ಲೂಪಿಗೂ, ಅಂದರೆ ಒಂದು ಸಲಕ್ಕೆ ಡಬ್ ಮಾಡುವ ತುಣುಕಿಗೂ, ನಾನು ಬೆವರಬೇಕಾಗುತ್ತಿತ್ತು. ಕಣ್ಣಿಗೆ ಕಾಡಿಗೆ, ಮೇಲೆತ್ತಿ ಕಟ್ಟಿದ ಕೂದಲು, ಕಾಟನ್ ಕುರ್ತಾ. ಕ್ಯಾಲೆಂಡರಿನ ಹುಡುಗಿ ಇವಳೇ ಅಂತ ನೆನಪೇ ಆಗುವುದಿಲ್ಲ.

ಹೋದ ಸೆಪ್ಟೆಂಬರಿನಲ್ಲಿ ಮಗಳು ಹುಟ್ಟಿದ್ದಾಳೆ, ಸದ್ಯ ವಿಶ್ರಾಂತಿ. ಮತ್ತೆ ಕೆಲಸಕ್ಕೆ ಬಂದಾಗ ಒಂದು ಕನ್ನಡ ಸಿನಿಮಾ ಮಾಡಲಿ ಅಂತ ನನ್ನ ಆಸೆ. ಹಾಡಿಗೆ ಬಂದು ಹೋಗುವ ಪಾತ್ರ ಬೇಡ. ನಲವತ್ತರ ಹೊಸ್ತಿಲಿನ ಬೆಂಗಳೂರು ಹೆಂಗಸಿನ ಪಾತ್ರ, ಮಾತು ಜಾಸ್ತಿ ಇರುವಂಥದ್ದು. ನಮ್ಮ ನಿರ್ದೇಶಕರು ಯಾರಾದರೂ ಹೋಗಿ ಕೇಳಬಾರದೇ? ಕನ್ನಡ ಕೊಂಚ ಎಡವಿದರೂ ಪರವಾಗಿಲ್ಲ, ಅವರೇ ಮಾತಾಡಲಿ. ಉಚ್ಚಾರಣೆ ತಿದ್ದಲು ಜನ ಬೇಕಾದರೆ ನಾನು ಸ್ಟುಡಿಯೋದಲ್ಲಿ ಎಷ್ಟು ಹೊತ್ತು ಬೇಕಾದರೂ ಕೂರುತ್ತೇನೆ.