"ಮೇಡಂ, ಈ 387 ಎಲ್ಲಿಂದ ಬಂತು?"

ಅಧಿವೇಶನ ಶುರುವಾದರೆ ನಮ್ಮ ಶಾಖೆಯಲ್ಲಿ ಯಾರಿಗೂ ಹೊತ್ತಿಗೆ ಸರಿಯಾಗಿ ಮನೆ ಸೇರುವ ಯೋಗವಿಲ್ಲ. ಅವತ್ತೂ ರಾತ್ರಿ ಎಂಟೂವರೆ. ಮರುದಿನದ ಪಟ್ಟಿಯಲ್ಲಿ ನಮ್ಮದು ಮೂರನೇ ಚುಕ್ಕೆ ಗುರುತಿನ ಪ್ರಶ್ನೆ, ಅಂದರೆ ಸಚಿವರು ಸದನದಲ್ಲಿ ಎದ್ದು ನಿಂತು ಬಾಯಲ್ಲೇ ಉತ್ತರ ಕೊಡಬೇಕಾದದ್ದು. ಸಚಿವರ ಕೊಠಡಿಯಲ್ಲಿ ಬ್ರೀಫಿಂಗ್ ನಡೆದಿತ್ತು. ಅವರಿಗೆ 32 ವರ್ಷ, ನನ್ನ ಮಗನಿಗಿಂತ ಎರಡೇ ವರ್ಷ ದೊಡ್ಡವರು. ಬೆನ್ನ ಹಿಂದೆ ನಾವೆಲ್ಲ "ಹುಡುಗ" ಅಂತಲೇ ಕರೆಯುತ್ತಿದ್ದೆವು.

ಅನುಬಂಧ-2ರ ಮೇಲೆ ಬೆರಳಿಟ್ಟು ಕೇಳಿದರು. "ಮೇಡಂ, ಈ 387 ಎಲ್ಲಿಂದ ಬಂತು? ಕಳೆದ ವರ್ಷದ ಉತ್ತರದಲ್ಲಿ 412 ಕಾಮಗಾರಿ ಅಂತ ಇದೆಯಲ್ಲ?"

ನನಗೆ ಗೊತ್ತಿರಲಿಲ್ಲ. ಹಳೇ ಕರಡು ತೆಗೆದು ಅಂಕಿ ಬದಲಿಸಿದ್ದೆ, ಅಷ್ಟೇ. ಆನ್‌ಲೈನ್ ಕಡತ ಬಂದ ಮೇಲೆ ಎರಡು ವರ್ಷದ ಉತ್ತರವನ್ನು ಅಕ್ಕಪಕ್ಕ ಇಟ್ಟು ನೋಡುವುದೇ ಒಂದು ಸಾಹಸ. ಒಂದು ತೆರೆದರೆ ಇನ್ನೊಂದು ಮುಚ್ಚಿಕೊಳ್ಳುತ್ತದೆ. "ಜಿಲ್ಲೆಗಳಿಂದ ಬಂದ ಮಾಹಿತಿ ಸರ್. ಪ್ರತಿ ವರ್ಷ ಹೀಗೇ ಕೊಡ್ತೀವಿ" ಅಂದೆ.

ಅವರು ಹಾಳೆಯನ್ನು ಇನ್ನೊಮ್ಮೆ ನೋಡಿ "ಹೌದಾ, ಸರಿ" ಅಂದರು. ಆ "ಸರಿ" ಕೇಳಿ ನನಗೆ ಒಳಗೊಳಗೇ ಖುಷಿ. ಲಿಫ್ಟಿನಲ್ಲಿ ಇಳಿಯುವಾಗ ಪಕ್ಕದ ಶಾಖೆಯವರಿಗೆ ಹೇಳಿದೆ, "ಇನ್ನೂ ಎಳೆಸು ಕಣ್ರೀ. ಕೂಡೋದು ಕಳೆಯೋದೇ ಆಡಳಿತ ಅಂದ್ಕೊಂಡಿದೆ."

ಆ ಪಕ್ಕದ ಶಾಖೆಯವರಿಗೂ ನನಗೂ ಈ ವಿಷಯದಲ್ಲಿ ಹಳೇ ಜಗಳ. ಹುಡುಗರ ಕೈಗೆ ಖಾತೆ ಕೊಡಬಾರದು ಅಂತ ನಾನು ಅಂದಾಗಲೆಲ್ಲ ಅವರು ಹೆಸರು ಉದುರಿಸುತ್ತಿದ್ದರು. 2019ರಲ್ಲಿ ಫಿನ್ಲೆಂಡಿನ ಪ್ರಧಾನಿಯಾದಾಗ ಸನ್ನಾ ಮರಿನ್‌ಗೆ 34. 2024ರಲ್ಲಿ ಫ್ರಾನ್ಸಿನ ಗೇಬ್ರಿಯಲ್ ಅತಾಲ್‌ಗೂ 34. ವಿಲಿಯಂ ಪಿಟ್ ಅಂತೂ 1783ರಲ್ಲಿ, ಬರೀ 24ನೇ ವಯಸ್ಸಿಗೆ ಬ್ರಿಟನ್ನಿನ ಪ್ರಧಾನಿ. ಆಗ ಕೂತವನು 1801ರವರೆಗೆ ಏಳಲಿಲ್ಲ. "ಅವನ ಅಪ್ಪನೂ ಪ್ರಧಾನಿಯಾಗಿದ್ದವನೇ ಅಲ್ವಾ" ಅಂತ ನಾನು ಕುಟುಕುತ್ತಿದ್ದೆ. ಈ ಮಾತನ್ನು ಈಗಲೂ ಹಿಂದಕ್ಕೆ ತಗೊಳ್ಳುವುದಿಲ್ಲ. ನಮ್ಮ ಹುಡುಗನೂ ಅಪ್ಪನ ಕ್ಷೇತ್ರದಿಂದಲೇ ಗೆದ್ದು ಬಂದವರು. ಮನೆತನದ ಬೆಂಬಲ ಇಲ್ಲದವರು ಆ ಕುರ್ಚಿಯ ಹತ್ತಿರ ಬರುವಷ್ಟರಲ್ಲಿ ತಲೆ ನೆರೆತಿರುತ್ತದೆ.

ಇನ್ನು ನಿಯಮ ನೋಡಿ. ನಮ್ಮಲ್ಲಿ 1989ರಿಂದ 18ಕ್ಕೇ ಮತ ಹಾಕಬಹುದು. ಲೋಕಸಭೆಗೆ ನಿಲ್ಲಬೇಕಾದರೆ ಮಾತ್ರ 25 ಆಗಬೇಕು, ರಾಜ್ಯಸಭೆಗೆ 30. ಮೇಲಿನ ಮಿತಿ ಅಂತ ಒಂದು ಇಲ್ಲವೇ ಇಲ್ಲ. ನನ್ನನ್ನು ನಿವೃತ್ತಿ ವಯಸ್ಸು ಬಂದ ತಿಂಗಳೇ ಹಾರ ಹಾಕಿ ಕಳಿಸುತ್ತಾರೆ, ನಾನು ಕಡತ ಮಂಡಿಸುವ ಸಾಹೇಬರಿಗೆ ಎಂಬತ್ತಾದರೂ ಅಡ್ಡಿಯಿಲ್ಲ.

ಇರಲಿ. ಮರುದಿನ ಅಧಿಕಾರಿಗಳ ಗ್ಯಾಲರಿಯಲ್ಲಿ ಕೂತಿದ್ದೆ. ಮೂಲ ಪ್ರಶ್ನೆ ಸಲೀಸಾಗಿ ಮುಗಿಯಿತು. ಆಮೇಲೆ ಆ ಕಡೆಯಿಂದ ಹಿರಿಯ ಸದಸ್ಯರೊಬ್ಬರು ಎದ್ದರು. ಕೈಯಲ್ಲಿ ಎರಡು ಹಾಳೆ. ಎರಡನ್ನೂ ಎತ್ತಿ ತೋರಿಸಿದಾಗಲೇ ನನ್ನ ಹೊಟ್ಟೆಯಲ್ಲಿ ಕಲ್ಲು ಬಿತ್ತು.

"ಮಾನ್ಯ ಸಭಾಧ್ಯಕ್ಷರೇ, ಹೋದ ವರ್ಷ 412 ಕಾಮಗಾರಿ. ಈ ವರ್ಷ 387. ಉಳಿದ 25 ಎಲ್ಲಿ ಹೋದವು?"

ಸದನದಲ್ಲಿ ನಗು. ನಾನು ಫೋಲ್ಡರ್ ತಡಕಿದೆ. ಅದರಲ್ಲಿ ಏನೂ ಇಲ್ಲ ಅಂತ ಗೊತ್ತಿದ್ದೇ ತಡಕಿದೆ. ಚೀಟಿಯಲ್ಲಿ "ಮಾಹಿತಿ ಸಂಗ್ರಹಿಸಲಾಗುತ್ತಿದೆ" ಅಂತ ಗೀಚಿ ಕಳಿಸಿದೆ. ಅಕ್ಷರ ಸೊಟ್ಟಸೊಟ್ಟ. ಚೀಟಿ ಹಿಡಿದ ಸಿಬ್ಬಂದಿ ಆ ಹಜಾರ ದಾಟಲು ಒಂದು ಯುಗ ತಗೊಂಡ. ಸಚಿವರು ಬಿಡಿಸಿ ಓದಿದರು, ಮಡಚಿ ಜೇಬಿಗೆ ಹಾಕಿಕೊಂಡರು. ಗ್ಯಾಲರಿ ಕಡೆ ತಿರುಗಿ ನೋಡಲೇ ಇಲ್ಲ. ನಾನಂತೂ ನೆಲ ನೋಡುತ್ತಿದ್ದೆ. ಈಗ "ಅಧಿಕಾರಿಗಳು ತಪ್ಪು ಮಾಹಿತಿ ಕೊಟ್ಟಿದ್ದಾರೆ" ಅನ್ನುತ್ತಾರೆ, ನಾಳೆ ನನ್ನ ಮೇಜಿಗೆ ನೋಟಿಸ್ ಬರುತ್ತದೆ ಅಂತ ಲೆಕ್ಕ ಹಾಕಿದ್ದೆ.

"ಈ ಅನುಮಾನ ನನಗೂ ಬಂದಿತ್ತು. ನಾನು ಇನ್ನಷ್ಟು ಕೇಳಬೇಕಿತ್ತು, ಕೇಳಲಿಲ್ಲ. ಎರಡು ದಿನದಲ್ಲಿ ಪೂರ್ತಿ ಪಟ್ಟಿ ಸದನದ ಮುಂದೆ ಇಡುತ್ತೇನೆ" ಅಂದರು.

ಆ ಹಿರಿಯರು ಕೂತರು. ನಾನು ತಲೆ ಮೇಲೆ ಕೈ ಹೊತ್ತೆ. ಎರಡು ದಿನ! ಸದನದಲ್ಲಿ ದಿನ ಹೇಳಬಾರದು ಅಂತ ನಮ್ಮ ಶಾಖೆಗೆ ನಿನ್ನೆ ಬಂದ ಟೈಪಿಸ್ಟಿಗೂ ಗೊತ್ತು. ಹಾಗೆ ಹೇಳಿದ್ದು ಭರವಸೆ ಆಗುತ್ತದೆ, ಸದನದಲ್ಲಿ ಕೊಟ್ಟ ಮಾತು ನಡೆಯಿತಾ ಅಂತ ನೋಡುವ ಭರವಸೆಗಳ ಸಮಿತಿಗೆ ಹೋಗುತ್ತದೆ, ಆಮೇಲೆ ನಾವು ಹೋಗುತ್ತೇವೆ. ಹಿಂದಿನ ಸಚಿವರಾಗಿದ್ದರೆ "ಪರಿಶೀಲಿಸಲಾಗುವುದು" ಅಂತ ಹೇಳಿ ಆರಾಮಾಗಿ ಕೂರುತ್ತಿದ್ದರು.

25ರಲ್ಲಿ 19 ಕಾಮಗಾರಿ ರದ್ದಾಗಿದ್ದವು, 6 ಬೇರೆ ಲೆಕ್ಕ ಶೀರ್ಷಿಕೆಗೆ, ಅಂದರೆ ಬಜೆಟ್ಟಿನ ಬೇರೆ ಬಾಬ್ತಿಗೆ, ಹೋಗಿದ್ದವು. ಇಷ್ಟು ತಿಳಿಯಲು ನನಗೆ ಅರ್ಧ ದಿನ ಸಾಕಾಯಿತು. ಯಾವ ಆದೇಶದಲ್ಲಿ ರದ್ದಾದವು ಅನ್ನುವ ದಾಖಲೆ ಮಾತ್ರ ಜಿಲ್ಲೆಗಳಿಂದ ಇವತ್ತಿಗೂ ಪೂರ್ತಿ ಬಂದಿಲ್ಲ.

ನನ್ನನ್ನು ಈಗಲೂ ಚುಚ್ಚುವುದು ಆ ರಾತ್ರಿಯ ಮಾತು. ಹಿಂದಿನ ಸಚಿವರು ಅದೇ ಪ್ರಶ್ನೆ ಕೇಳಿದ್ದರೆ ನಾನು ರೆಕಾರ್ಡ್ ರೂಮಿಗೆ ಓಡುತ್ತಿದ್ದೆ. ಅವರು ಹುಬ್ಬು ಏರಿಸಿದರೆ ಸಾಕಿತ್ತು. ಇವರು ಮೇಡಂ ಅಂದರು, ನಯವಾಗಿ ಕೇಳಿದರು, ನಾನು ಜಾರಿಕೊಂಡೆ. ಆಮೇಲೆ ಅನುಭವ ಸಾಲದು ಅಂತ ಆಡಿಕೊಂಡವಳೂ ನಾನೇ.

ಭರವಸೆ ಕಡತ ಮಾತ್ರ ಇನ್ನೂ ಕಾಗದದಲ್ಲೇ ಓಡಾಡುತ್ತದೆ. ನಾಲ್ಕನೇ ಸಲ ಕಾಲಾವಕಾಶ ಕೋರಿದ ಟಿಪ್ಪಣಿ ಮೊನ್ನೆ ಅವರ ಸಹಿಯೊಂದಿಗೆ ವಾಪಸ್ ಬಂತು. ಅಂಚಿನಲ್ಲಿ ಪೆನ್ಸಿಲ್ಲಿನಿಂದ ಒಂದು ಸಾಲು. "ಮೇಡಂ, ದಿನ ಹೇಳಬೇಡಿ ಅಂತ ಆವತ್ತು ಚೀಟಿಯಲ್ಲೇ ಬರೆಯಬಹುದಿತ್ತಲ್ವಾ?"

ರಬ್ಬರ್ ಹುಡುಕಿ ಅಳಿಸಿ, ಕಡತ ಮುಂದಕ್ಕೆ ಕಳಿಸಿದೆ.